ನೌರುವಿನ ಪದಕಗಳನ್ನು ಎಣಿಸುವುದು ಹೇಗೆ?

1990ರ ಆಕ್ಲೆಂಡ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪುರುಷರ 60 ಕಿಲೋ ವೇಟ್‌ಲಿಫ್ಟಿಂಗ್ ವಿಭಾಗದ ಮೂರು ಚಿನ್ನದ ಪದಕಗಳು ಇಬ್ಬರ ನಡುವೆ ಹಂಚಿಹೋದವು. ಕ್ಲೀನ್ ಅಂಡ್ ಜರ್ಕ್ ಮತ್ತು ಒಟ್ಟು ಭಾರದ ಚಿನ್ನಗಳು ಭಾರತದ ಪರ್ವೇಶ್ ಚಂದರ್ ಶರ್ಮಾ ಅವರ ಪಾಲಾದರೆ, ಸ್ನ್ಯಾಚ್‌ನ ಚಿನ್ನವನ್ನು ಇಪ್ಪತ್ತು ವರ್ಷದ ಮಾರ್ಕಸ್ ಸ್ಟೀಫನ್ ಗೆದ್ದರು. ಉಳಿದೆರಡರಲ್ಲಿ ಅವರಿಗೆ ಬೆಳ್ಳಿ ಸಿಕ್ಕಿತು. ಸ್ಟೀಫನ್ ಪ್ರತಿನಿಧಿಸಿದ ನೌರು ದೇಶ ಕಾಮನ್‌ವೆಲ್ತ್ ಕೂಟಕ್ಕೆ ಕಾಲಿಟ್ಟದ್ದೇ ಆ ವರ್ಷ. ಶಾಂತಸಾಗರದಲ್ಲಿ ಭೂಮಧ್ಯರೇಖೆಗೆ ತುಸು ದಕ್ಷಿಣಕ್ಕಿರುವ ಈ ದ್ವೀಪದ ವಿಸ್ತೀರ್ಣ 21 ಚದರ ಕಿಲೋಮೀಟರ್. ಇಂದಿನ ಜನಸಂಖ್ಯೆ ಸುಮಾರು 12,000. ಜಗತ್ತಿನ ಅತ್ಯಂತ ಚಿಕ್ಕ ಗಣರಾಜ್ಯದ್ವೀಪವೆಂದು ಅದನ್ನು ಗುರುತಿಸಲಾಗುತ್ತದೆ.

ಇಷ್ಟು ಚಿಕ್ಕ ದೇಶ ಮುಂದಿನ ಮೂರು ದಶಕಗಳಲ್ಲಿ ಕಾಮನ್‌ವೆಲ್ತ್ ಕೂಟಗಳಿಂದ ಹತ್ತು ಚಿನ್ನವನ್ನು ಒಯ್ದಿದೆ, ಆದರೆ ಒಲಿಂಪಿಕ್ಸ್‌ನಲ್ಲಿ ಈವರೆಗೆ ಒಂದು ಕಂಚನ್ನೂ ಕಂಡಿಲ್ಲ. ಮೇಲ್ನೋಟಕ್ಕೆ ಇದನ್ನು ಒಂದು ಕಡೆ ಎದುರಾಳಿಗಳು ದುರ್ಬಲ, ಇನ್ನೊಂದು ಕಡೆ ಪ್ರಬಲ ಎಂದು ವಿವರಿಸಿ ಮುಗಿಸಬಹುದು. ಆ ವಿವರಣೆಯಲ್ಲಿ ಸತ್ಯವಿದ್ದರೂ ಅದು ಅರ್ಧ ಮಾತ್ರ. ನೌರುವಿನ ದಾಖಲೆಯನ್ನು ವರ್ಷವಾರು ಬಿಡಿಸಿ ನೋಡಿದಾಗ ಏರಿಳಿತಗಳಲ್ಲಿ ಬಹುಪಾಲು ಪದಕ ಹಂಚುವ ನಿಯಮದ ಜೊತೆಗೆ, ಸ್ಪರ್ಧೆಗೆ ಪ್ರವೇಶ ಕೊಡುವ ನಿಯಮದ ಜೊತೆಗೆ ಹೆಜ್ಜೆ ಹಾಕುತ್ತವೆ. ದೊಡ್ಡ ದೇಶದ ಪಟ್ಟಿಯಲ್ಲಿ ಕರಗಿಹೋಗುವ ನಿಯಮ ಚಿಕ್ಕ ದೇಶದ ಪಟ್ಟಿಯಲ್ಲಿ ಎದ್ದು ಕಾಣುತ್ತದೆ.

ಮೊದಲಿಗೆ ಆಟದ ಸ್ವರೂಪವನ್ನು ತಿಳಿದುಕೊಳ್ಳಬೇಕು. ವೇಟ್‌ಲಿಫ್ಟಿಂಗ್‌ನಲ್ಲಿ ಭಾರ ಎತ್ತುವ ಬಗೆಗಳು ಎರಡು. ನೆಲದ ಮೇಲಿರುವ ಬಾರನ್ನು ಎಲ್ಲಿಯೂ ನಿಲ್ಲಿಸದೆ ಒಂದೇ ಚಲನೆಯಲ್ಲಿ ತಲೆಯ ಮೇಲಕ್ಕೆ ಒಯ್ಯುವುದು ಸ್ನ್ಯಾಚ್. ಮೊದಲು ಹೆಗಲಿನ ಮಟ್ಟಕ್ಕೆ ತಂದು, ಅಲ್ಲಿ ನಿಲ್ಲಿಸಿಕೊಂಡು, ಆಮೇಲೆ ಕಾಲುಗಳ ಬಲದಿಂದ ತಲೆಯ ಮೇಲಕ್ಕೆ ಚಿಮ್ಮಿಸುವುದು ಕ್ಲೀನ್ ಅಂಡ್ ಜರ್ಕ್. ಪ್ರತಿಯೊಂದಕ್ಕೂ ಮೂರು ಯತ್ನಗಳಿರುತ್ತವೆ, ಎರಡರಲ್ಲಿಯೂ ಎತ್ತಿದ ಗರಿಷ್ಠ ತೂಕವನ್ನು ಕೂಡಿಸಿದರೆ ಒಟ್ಟು ಭಾರ ಸಿಗುತ್ತದೆ. ಸ್ಪರ್ಧಿಗಳನ್ನು ದೇಹತೂಕದ ಪ್ರಕಾರ ವಿಂಗಡಿಸುವುದರಿಂದ 60 ಕಿಲೋ ತೂಕದವರು ತಮ್ಮಷ್ಟೇ ತೂಕದವರ ಜೊತೆ ಸೆಣಸುತ್ತಾರೆ.

ಒಲಿಂಪಿಕ್ಸ್‌ನಲ್ಲಿ 1976ರಿಂದ ಈ ಎರಡು ಬಗೆಗಳ ಒಟ್ಟು ಭಾರಕ್ಕೆ ಮಾತ್ರ ಪದಕ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ನ್ಯಾಚ್‌ಗೊಂದು, ಕ್ಲೀನ್ ಅಂಡ್ ಜರ್ಕ್‌ಗೊಂದು, ಒಟ್ಟು ಭಾರಕ್ಕೊಂದು ಎಂದು ಮೂರು ಪದಕಗಳನ್ನು ಕೊಡುತ್ತಾರೆ. ಕಾಮನ್‌ವೆಲ್ತ್ ಕೂಟ 1990, 1994, 1998 ಮತ್ತು 2002ರಲ್ಲಿ ಮೂರು ಪದಕಗಳ ಕ್ರಮವನ್ನು ಅನುಸರಿಸಿ, 2006ರ ಮೆಲ್ಬರ್ನ್ ಕೂಟದಿಂದ ಒಂದೇ ಪದಕದ ಕ್ರಮಕ್ಕೆ ಬದಲಾಯಿತು. ಅಂದರೆ ನೌರು ಕಾಮನ್‌ವೆಲ್ತ್ ಕೂಟಕ್ಕೆ ಬಂದದ್ದು ಮೂರು ಪದಕಗಳ ಕಾಲದ ಬಾಗಿಲಲ್ಲಿ. ಆ ಬಾಗಿಲು ಮುಚ್ಚುವ ಹೊತ್ತಿಗೆ ಅದರ ಸುಗ್ಗಿಯೂ ಮುಗಿದಿತ್ತು.

ಸ್ಟೀಫನ್ ಅವರ ಲೆಕ್ಕವನ್ನೇ ತೆಗೆದುಕೊಳ್ಳೋಣ. 1990ರಲ್ಲಿ ಒಂದು ಚಿನ್ನ, ಎರಡು ಬೆಳ್ಳಿ. 1994ರಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಮೂರು ಚಿನ್ನ. 1998ರಲ್ಲಿ ಕ್ವಾಲಾಲಂಪುರದಲ್ಲಿ ಮತ್ತೆ ಮೂರು ಚಿನ್ನ. 2002ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೂರು ಬೆಳ್ಳಿ. ಒಟ್ಟು ಏಳು ಚಿನ್ನ, ಐದು ಬೆಳ್ಳಿ. ಇದೇ ಎತ್ತುಗಾರ, ಇದೇ ತೂಕಗಳು, ಇದೇ ಎದುರಾಳಿಗಳು ಎಂದಿಟ್ಟುಕೊಂಡು 2006ರ ನಿಯಮವನ್ನು ಹಿಂದಕ್ಕೆ ಅನ್ವಯಿಸಿದರೆ ಹನ್ನೆರಡು ಪದಕಗಳು ನಾಲ್ಕಕ್ಕೆ ಇಳಿಯುತ್ತವೆ: ಎರಡು ಚಿನ್ನ, ಎರಡು ಬೆಳ್ಳಿ. ಆಕ್ಲೆಂಡ್‌ನ ಆ ಮೊದಲ ಚಿನ್ನ, ನೌರುವಿನಲ್ಲಿ ಎಲ್ಲಕ್ಕೂ ಮೊದಲಾದ ಚಿನ್ನ, ದಾಖಲೆಯಲ್ಲೇ ಇರುತ್ತಿರಲಿಲ್ಲ; ಏಕೆಂದರೆ ಒಟ್ಟು ಭಾರದಲ್ಲಿ ಅಂದು ಗೆದ್ದವರು ಶರ್ಮಾ. ನಾಲ್ಕು ಕೂಟಗಳಲ್ಲಿ ನಾಲ್ಕು ಪದಕ ಎಂಬುದು ಯಾವ ದೇಶದ ಯಾವ ಕ್ರೀಡಾಪಟುವಿಗೂ ಅಸಾಮಾನ್ಯ ಸಾಧನೆಯೇ. ನನ್ನ ಮಾತು ಸ್ಟೀಫನ್ ಅವರ ಸಾಮರ್ಥ್ಯದ ಬಗ್ಗೆ ಅಲ್ಲ, ಆ ಸಾಮರ್ಥ್ಯವನ್ನು ಅಂಕಿಗೆ ತಿರುಗಿಸುವ ಯಂತ್ರದ ಬಗ್ಗೆ.

ಈ ಯಂತ್ರ ನೌರುವಿಗಾಗಿ ಮಾಡಿದ್ದೂ ಅಲ್ಲ. 1990ರಲ್ಲಿ ಭಾರತ ಗೆದ್ದ 13 ಚಿನ್ನಗಳಲ್ಲಿ 12 ವೇಟ್‌ಲಿಫ್ಟಿಂಗ್‌ನವು. 2002ರಲ್ಲಿ ಕುಂಜರಾಣಿ ದೇವಿ 48 ಕಿಲೋ ವಿಭಾಗವೊಂದರಿಂದಲೇ ಮೂರು ಚಿನ್ನ ತಂದರು. 1998ರಲ್ಲಿ ಕ್ವಾಲಾಲಂಪುರದಲ್ಲಿ ದಕ್ಷಿಣ ಕನ್ನಡದ ಸತೀಶ ರೈ ಪದಕ ಗೆದ್ದದ್ದೂ ಇದೇ ನಿಯಮದ ಅಡಿಯಲ್ಲಿ. ವ್ಯತ್ಯಾಸವೆಂದರೆ ಭಾರತಕ್ಕೆ ಶೂಟಿಂಗ್, ಕುಸ್ತಿ, ಹಾಕಿಗಳ ಆಸರೆಯೂ ಇತ್ತು. ನೌರುವಿಗೆ ಇದ್ದದ್ದು ಒಂದೇ ಬಾರು, ಒಂದೇ ವೇದಿಕೆ.

ಹಾಗಿದ್ದರೆ ಈ ಆಟವೇ ಏಕೆ? ನೌರುವಿನ ಜನ ಪ್ರಾಣದಂತೆ ಪ್ರೀತಿಸುವ ಆಟ ಆಸ್ಟ್ರೇಲಿಯನ್ ಫುಟ್‌ಬಾಲ್. ಐವೋ ಜಿಲ್ಲೆಯ ಲಿಂಕ್‌ಬೆಲ್ಟ್ ಮೈದಾನದಲ್ಲಿ ಅದರ ಪಂದ್ಯಗಳು ನಡೆಯುತ್ತವೆ. ಆದರೆ ಆ ಆಟಕ್ಕೆ ಒಂದು ಬದಿಗೆ 18 ಮಂದಿ ಬೇಕು, ಮತ್ತು ಅದು ಒಲಿಂಪಿಕ್ಸ್‌ನಲ್ಲೂ ಇಲ್ಲ, ಕಾಮನ್‌ವೆಲ್ತ್ ಪಟ್ಟಿಯಲ್ಲೂ ಇಲ್ಲ. ತಂಡದ ಆಟಗಳಲ್ಲಿ ಜನಸಂಖ್ಯೆಯ ಮಿತಿ ತಕ್ಷಣ ಕಾಣಿಸಿಕೊಳ್ಳುತ್ತದೆ. ಹನ್ನೊಂದು ಮಂದಿ ಒಳ್ಳೆಯವರು ಸಿಗಬೇಕಾದರೆ ಸಾವಿರಾರು ಮಂದಿ ಆಡುತ್ತಿರಬೇಕು. ಸುತ್ತಲೂ ಹವಳದ ದಿಬ್ಬ ಇರುವುದರಿಂದ ದ್ವೀಪಕ್ಕೆ ಸಹಜವಾದ ಬಂದರಿಲ್ಲ. ಸುತ್ತಿ ಬರುವ ಮುಖ್ಯ ರಸ್ತೆ ಇಪ್ಪತ್ತು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಇಂಥ ಜಾಗದಲ್ಲಿ ಒಂದು ಕೊಠಡಿ, ಒಂದು ಮರದ ವೇದಿಕೆ, ಒಂದು ಬಾರು, ಕೆಲವು ತೂಕದ ತಟ್ಟೆಗಳು ಇದ್ದರೆ ನಡೆಯುವ ಆಟವೇ ನಿಲ್ಲಲು ಸಾಧ್ಯ. ಇನ್ನೂ ಒಂದು ಅನುಕೂಲವನ್ನು ಹೇಳಲೇಬೇಕು: ಇಲ್ಲಿ ಫಲಿತಾಂಶವನ್ನು ಕಿಲೋಗಳಲ್ಲಿ ಅಳೆಯಬಹುದು. ಎದುರಾಳಿ ಇಲ್ಲದೆಯೂ, ಸಾವಿರಾರು ಮೈಲಿ ದೂರದ ಕೋಣೆಯಲ್ಲಿಯೂ, ತಾನು ಜಗತ್ತಿನಲ್ಲಿ ಎಲ್ಲಿದ್ದೇನೆಂಬುದು ಎತ್ತುಗಾರನಿಗೆ ಗೊತ್ತಾಗುತ್ತದೆ. ಕುಸ್ತಿಯಲ್ಲಿ ಅಥವಾ ಟೆನಿಸ್‌ನಲ್ಲಿ ಆ ಸೌಕರ್ಯವಿಲ್ಲ.

ಆದರೂ ಆಟ ತಾನಾಗಿ ಬರಲಿಲ್ಲ. ಅದರ ಹಿಂದೆ ಫಾಸ್ಫೇಟ್ ಹಣವಿತ್ತು. 1968ರ ಜನವರಿ 31ರಂದು ಸ್ವತಂತ್ರವಾದ ನೌರು ಮುಂದಿನ ಎರಡು ದಶಕಗಳಲ್ಲಿ ಗೊಬ್ಬರಕ್ಕೆ ಬಳಸುವ ಫಾಸ್ಫೇಟನ್ನು ಅಗೆದು ಮಾರಿ, ತಲಾ ಆದಾಯದಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿಗೆ ಸೇರಿತು. ಮೆಲ್ಬರ್ನ್ ನಗರದ ನಡುವೆ ನೌರು ಹೌಸ್ ಎಂಬ ಐವತ್ತಕ್ಕೂ ಹೆಚ್ಚು ಮಹಡಿಗಳ ಕಟ್ಟಡವನ್ನು ಕಟ್ಟಿಸಿತು. ಮಕ್ಕಳನ್ನು ಓದಲು ಆಸ್ಟ್ರೇಲಿಯಕ್ಕೆ ಕಳುಹಿಸುವುದು ಆಗ ರೂಢಿಯಾಗಿತ್ತು. ಸ್ಟೀಫನ್ ಕೂಡ ಹಾಗೆ ವಿಕ್ಟೋರಿಯಾ ರಾಜ್ಯದ ಶಾಲೆಗೆ ಹೋದವರು. ಅಲ್ಲಿಯೇ ಅವರಿಗೆ ವೇಟ್‌ಲಿಫ್ಟಿಂಗ್ ಹತ್ತಿರವಾಯಿತು, ಮೆಲ್ಬರ್ನ್‌ನ ತರಬೇತುದಾರ ಪಾಲ್ ಕಾಫಾ ಅವರ ಮಾರ್ಗದರ್ಶನವೂ ದೊರೆಯಿತು. ಶ್ರೀಮಂತಿಕೆ ಹುಡುಗನನ್ನು ಸರಿಯಾದ ಜಾಗಕ್ಕೆ ಕಳುಹಿಸಿತು ಎನ್ನಬಹುದು, ಆದರೆ ಅದೇ ಶ್ರೀಮಂತಿಕೆ ಇನ್ನುಳಿದವರಿಗೆ ಕೊಟ್ಟದ್ದು ಆಮದು ಆಹಾರ ಮತ್ತು ಜಗತ್ತಿನಲ್ಲೇ ಅತಿ ಹೆಚ್ಚೆನ್ನಬಹುದಾದ ಸ್ಥೂಲಕಾಯ ಹಾಗೂ ಮಧುಮೇಹದ ಪ್ರಮಾಣ. ನೌರುವಿನ ಪದಕಗಳನ್ನು ಹೊಗಳುವ ಬರಹಗಳು ಈ ಎರಡನ್ನೂ ಒಂದೇ ಪುಟದಲ್ಲಿ ಇಡುವುದು ಅಪರೂಪ.

ಸ್ಟೀಫನ್ ಅವರ ಕತೆಯಲ್ಲಿ ಪ್ರವೇಶದ ನಿಯಮ ಎಷ್ಟು ಗಟ್ಟಿಯಾದ ಗೋಡೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಹೊತ್ತಿಗೆ ಅವರು ಕಾಮನ್‌ವೆಲ್ತ್ ಚಿನ್ನ ಗೆದ್ದಾಗಿತ್ತು, ಆದರೆ ನೌರುವಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಪಡೆದ ರಾಷ್ಟ್ರೀಯ ಸಮಿತಿ ಇರಲಿಲ್ಲ. ಸಮಿತಿ ಇಲ್ಲದ ದೇಶ ತಂಡ ಕಳುಹಿಸುವಂತಿಲ್ಲ. ಅವರು ಸಮೋವಾದ ಪೌರತ್ವ ಪಡೆದು, ಆ ದೇಶದ ಹೆಸರಿನಲ್ಲಿ ಬಾರ್ಸಿಲೋನಾದಲ್ಲಿ ಸ್ಪರ್ಧಿಸಿದರು. ನೌರುವಿಗೆ ಮಾನ್ಯತೆ ಸಿಕ್ಕಿದ್ದು 1994ರಲ್ಲಿ. 1996ರ ಅಟ್ಲಾಂಟಾಕ್ಕೆ ಅದು ಮೊದಲ ಬಾರಿ ತನ್ನ ಧ್ವಜದಡಿ ಮೂವರನ್ನು ಕಳುಹಿಸಿತು; ಸ್ಟೀಫನ್, ಜೆರಾರ್ಡ್ ಗರಾಬ್ವಾನ್ ಮತ್ತು ಕ್ವಿನ್ಸಿ ಡೆಟೆನಾಮೋ, ಮೂವರೂ ಎತ್ತುಗಾರರೇ.

1999ರಲ್ಲಿ ಅಥೆನ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 62 ಕಿಲೋ ವಿಭಾಗದ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಸ್ಟೀಫನ್ ಬೆಳ್ಳಿ ಗೆದ್ದರು. ಕಾಮನ್‌ವೆಲ್ತ್ ಕೂಟದಲ್ಲಿ ಎದುರಾಳಿಗಳು ದುರ್ಬಲರು ಎಂಬ ವಾದಕ್ಕೆ ನನ್ನ ಮಟ್ಟಿಗೆ ಇದೇ ಉತ್ತರ. ಬಲ್ಗೇರಿಯ, ಚೀನ, ಗ್ರೀಸ್, ಟರ್ಕಿಗಳ ಎತ್ತುಗಾರರು ಭಾಗವಹಿಸುವ ವೇದಿಕೆಯಲ್ಲಿ ಹತ್ತು ಸಾವಿರ ಜನರ ದೇಶದವರೊಬ್ಬರು ಜಗತ್ತಿಗೆ ಎರಡನೆಯವರಾದರು. ಅದೇ ಸಾಧನೆಯನ್ನು ಒಲಿಂಪಿಕ್ಸ್‌ನಲ್ಲಿ ಮಾಡಿದ್ದರೆ ಪದಕದ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರುತ್ತಿರಲಿಲ್ಲ, ಏಕೆಂದರೆ ಅಲ್ಲಿ ಸ್ನ್ಯಾಚ್ ಹಿಂದೆ ಬಿದ್ದರೆ ಜರ್ಕ್ ಒಂದೇ ಕಾಪಾಡುವುದಿಲ್ಲ.

ಸ್ಟೀಫನ್ ಮುಂದೆ ರಾಜಕೀಯಕ್ಕೆ ಬಂದು, 2003ರಲ್ಲಿ ಸಂಸತ್ತಿಗೆ ಆಯ್ಕೆಯಾಗಿ, 2007ರ ಡಿಸೆಂಬರ್‌ನಿಂದ 2011ರ ನವೆಂಬರ್‌ವರೆಗೆ ದೇಶದ ಅಧ್ಯಕ್ಷರಾಗಿದ್ದರು. 2019ರಲ್ಲಿ ಸಂಸತ್ತಿನ ಸ್ಪೀಕರ್ ಆದರು. ನೌರು ಒಲಿಂಪಿಕ್ ಸಮಿತಿಯ ಅಧ್ಯಕ್ಷ ಸ್ಥಾನವನ್ನೂ ವಹಿಸಿಕೊಂಡರು.

2002ರ ಮ್ಯಾಂಚೆಸ್ಟರ್ ಕೂಟ ನೌರುವಿನ ದಾಖಲೆಯ ಶಿಖರ: ಎರಡು ಚಿನ್ನ, ಐದು ಬೆಳ್ಳಿ, ಎಂಟು ಕಂಚು, ಒಟ್ಟು 15 ಪದಕಗಳು, ಎಲ್ಲವೂ ವೇಟ್‌ಲಿಫ್ಟಿಂಗ್‌ನಿಂದ. ಕಾಮನ್‌ವೆಲ್ತ್ ಕೂಟದಲ್ಲಿ ಮಹಿಳೆಯರ ವೇಟ್‌ಲಿಫ್ಟಿಂಗ್ ಮೊದಲು ಸೇರಿದ್ದು ಅದೇ ವರ್ಷ, ಮತ್ತು ನೌರುವಿಗೆ ಆ ವರ್ಷದ ಚಿನ್ನ ತಂದವರು ರಿಯಾನಾ ಸಾಲೊಮನ್ ಎಂಬ ಯುವತಿ. ಅಂದರೆ ಶಿಖರದ ಕೆಳಗೆ ಎರಡು ನಿಯಮಗಳು ಒಂದಕ್ಕೊಂದು ಜೋಡಿಕೊಂಡಿದ್ದವು: ಪ್ರತಿ ವಿಭಾಗಕ್ಕೆ ಮೂರು ಪದಕಗಳ ಹಳೆಯ ನಿಯಮ ಇನ್ನೂ ಇತ್ತು, ಮಹಿಳೆಯರ ವಿಭಾಗಗಳ ಹೊಸ ನಿಯಮ ಆಗಲೇ ಬಂದಿತ್ತು. ಇವೆರಡೂ ಒಟ್ಟಿಗೆ ಇದ್ದದ್ದು ಆ ಒಂದೇ ಕೂಟದಲ್ಲಿ.

ಇಲ್ಲಿ ತಲಾ ಪದಕದ ಲೆಕ್ಕದ ವಿಷಯಕ್ಕೆ ಬರಬೇಕು. ಪ್ರತಿ ದೊಡ್ಡ ಕೂಟ ಮುಗಿದ ಕೂಡಲೇ ಪದಕಗಳನ್ನು ಜನಸಂಖ್ಯೆಯಿಂದ ಭಾಗಿಸಿದ ಪಟ್ಟಿಗಳು ಪ್ರಕಟವಾಗುತ್ತವೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ನಂತರ ಹಾಗೆ ಮೊದಲ ಸ್ಥಾನಕ್ಕೆ ಬಂದದ್ದು ಕೆರಿಬಿಯನ್ ದ್ವೀಪ ಗ್ರೆನೆಡಾ, ಎರಡು ಕಂಚಿನ ಬಲದಿಂದ. 2002ರ ಕಾಮನ್‌ವೆಲ್ತ್ ಕೂಟಕ್ಕೆ ಅದೇ ಭಾಗಾಕಾರ ಮಾಡಿದರೆ ಸುಮಾರು ಹತ್ತು ಸಾವಿರ ಜನರಿದ್ದ ನೌರುವಿನಲ್ಲಿ 670 ಜನರಿಗೊಂದು ಪದಕ ಬರುತ್ತದೆ. 69 ಪದಕ ಗೆದ್ದ ಭಾರತಕ್ಕೆ ಒಂದೂವರೆ ಕೋಟಿ ಜನರಿಗೊಂದು. ಲೆಕ್ಕ ತಪ್ಪಿಲ್ಲ, ಆದರೆ ಅದರಿಂದ ಹೊರಡುವ ತೀರ್ಮಾನ ತಪ್ಪು. ಮೊದಲನೆಯದಾಗಿ, ಕೂಟಕ್ಕೆ ಒಂದು ವಿಭಾಗದಲ್ಲಿ ಎಷ್ಟು ಮಂದಿಯನ್ನು ಕಳುಹಿಸಬಹುದೆಂಬುದಕ್ಕೆ ಮಿತಿ ಇರುವಾಗ ಭಾರತ ತನ್ನ ಜನಸಂಖ್ಯೆಗೆ ತಕ್ಕಷ್ಟು ಪದಕ ಗೆಲ್ಲುವುದು ಅಂಕಗಣಿತದ ಪ್ರಕಾರವೇ ಅಸಾಧ್ಯ. ಎರಡನೆಯದಾಗಿ, ಭಾಜಕ ಇಷ್ಟು ಚಿಕ್ಕದಾದಾಗ ಒಬ್ಬ ವ್ಯಕ್ತಿಯ ಬೆನ್ನುನೋವು ಇಡೀ ದೇಶದ ಸ್ಥಾನವನ್ನು ಪಟ್ಟಿಯ ತುದಿಯಿಂದ ಬುಡಕ್ಕೆ ಇಳಿಸಬಲ್ಲದು.

ನೌರುವಿನಲ್ಲಿ ಜನಸಂಖ್ಯೆ ಎಂಬ ಸಂಖ್ಯೆಗೇ ಬೇರೆ ಅರ್ಥವಿದೆ. ಮೊದಲ ಮಹಾಯುದ್ಧದ ನಂತರ, ರೋಗಗಳಿಂದ ಜನ ಕ್ಷೀಣಿಸಿದ್ದಾಗ, 1500ಕ್ಕಿಂತ ಕಡಿಮೆಯಾದರೆ ತಮ್ಮ ಜನಾಂಗ ಉಳಿಯುವುದಿಲ್ಲವೆಂಬ ಆತಂಕವಿತ್ತು. 1932ರಲ್ಲಿ ಆ ಸಂಖ್ಯೆಯನ್ನು ಮುಟ್ಟಿದ ದಿನವನ್ನು ಅಂಗಾಮ್ ದಿನವೆಂದು ಅಕ್ಟೋಬರ್ 26ರಂದು ಇಂದಿಗೂ ಆಚರಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೇನೆ ಸುಮಾರು 1200 ಮಂದಿಯನ್ನು ಶಾಂತಸಾಗರದ ಟ್ರಕ್ (ಇಂದಿನ ಚೂಕ್) ಎಂಬ ದ್ವೀಪಗಳಿಗೆ ಸಾಗಿಸಿತು, ಅವರಲ್ಲಿ ನೂರಾರು ಮಂದಿ ಅಲ್ಲಿಯೇ ಸತ್ತರು. ಬದುಕುಳಿದವರು ಮರಳಿದ್ದು 1946ರ ಜನವರಿ 31ರಂದು. ಸ್ವಾತಂತ್ರ್ಯಕ್ಕೆ ಆಯ್ದ ದಿನವೂ ಅದೇ. ಪದಕದ ಪಟ್ಟಿ ಮಾಡುವವರಿಗೆ ಭಾಜಕವಾಗಿ ಮಾತ್ರ ಕಾಣುವ ಈ ಸಂಖ್ಯೆ ಅಲ್ಲಿಯವರಿಗೆ ಹಬ್ಬದ ದಿನ.

1990ರ ದಶಕದ ಕೊನೆಗೆ ಫಾಸ್ಫೇಟ್ ಬರಿದಾಯಿತು, ಹೂಡಿಕೆಗಳು ಕರಗಿದವು, ನೌರು ಹೌಸ್ 2004ರಲ್ಲಿ ಮಾರಾಟವಾಯಿತು. ದೇಶದ ಖಜಾನೆ ಕುಸಿದ ಮೇಲೂ ಎತ್ತುಗಾರರು ಉಳಿದುಕೊಂಡದ್ದಕ್ಕೆ ದೊಡ್ಡ ಕಾರಣ ದೇಶದ ಹೊರಗಿತ್ತು. ಪಾಲ್ ಕಾಫಾ ನಡೆಸುತ್ತಿದ್ದ ಓಷಿಯಾನಿಯಾ ವೇಟ್‌ಲಿಫ್ಟಿಂಗ್ ಸಂಸ್ಥೆ ಮೊದಲು ಫಿಜಿಯ ಸಿಗಾಟೋಕಾದಲ್ಲಿ, ನಂತರ ಸಮೋವಾದ ಏಪಿಯಾದಲ್ಲಿ, ಆಮೇಲೆ ನ್ಯೂ ಕ್ಯಾಲೆಡೋನಿಯಾದ ನೂಮೆಯಾದಲ್ಲಿ ನೆಲೆಸಿ, ಬೇರೆ ಬೇರೆ ದ್ವೀಪಗಳವರನ್ನು ಒಂದೇ ಸೂರಿನಡಿ ಇರಿಸಿಕೊಂಡು ತರಬೇತಿ ಕೊಟ್ಟಿತು. ಕಿರಿಬಾಟಿಯ ಡೇವಿಡ್ ಕಟೋಟಾವು ಆ ಗರಡಿಯವರು. 2014ರ ಗ್ಲಾಸ್ಗೋದಲ್ಲಿ 105 ಕಿಲೋ ವಿಭಾಗದಲ್ಲಿ ತಮ್ಮ ದೇಶಕ್ಕೆ ಮೊದಲ ಕಾಮನ್‌ವೆಲ್ತ್ ಚಿನ್ನ ತಂದರು, ಆಮೇಲೆ ಸಮುದ್ರ ಏರುತ್ತಿರುವುದನ್ನು ಜಗತ್ತಿಗೆ ತಿಳಿಸಲು ವೇದಿಕೆಯ ಮೇಲೆ ಕುಣಿಯುವುದಕ್ಕೂ ಹೆಸರಾದರು.

ಒಂದೇ ಪದಕದ ಕಾಲದಲ್ಲಿ ನೌರುವಿನ ಅಂಕಿಗಳು ಸಣ್ಣವಾದವು, ಆದರೆ ಸಾಲು ತುಂಡಾಗಲಿಲ್ಲ. 2010ರ ದೆಹಲಿ ಕೂಟದಲ್ಲಿ ಯುಕಿಯೋ ಪೀಟರ್ 77 ಕಿಲೋ ವಿಭಾಗದ ಚಿನ್ನ ಗೆದ್ದರು. ಅದೇ ವಿಭಾಗದ ಕಂಚು ಭಾರತದ ಸುಧೀರ್ ಕುಮಾರ್ ಅವರಿಗೆ ಬಂದಿತ್ತಾದ್ದರಿಂದ, ನೌರುವಿನ ರಾಷ್ಟ್ರಗೀತೆಯನ್ನು ದೆಹಲಿಯ ಪ್ರೇಕ್ಷಕರು ತಮ್ಮವರೊಬ್ಬರು ವೇದಿಕೆಯ ಮೇಲಿರುವಾಗಲೇ ಕೇಳಿದರು. ಇಟ್ಟೆ ಡೆಟೆನಾಮೋ 2010 ಮತ್ತು 2014ರಲ್ಲಿ 105 ಕಿಲೋಗಿಂತ ಹೆಚ್ಚಿನವರ ವಿಭಾಗದಲ್ಲಿ ಬೆಳ್ಳಿ ಪಡೆದರು. 2018ರ ಗೋಲ್ಡ್ ಕೋಸ್ಟ್ ಕೂಟವನ್ನು ಕನ್ನಡಿಗರು ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ಬೆಳ್ಳಿಯಿಂದ ನೆನಪಿಟ್ಟುಕೊಂಡಿದ್ದಾರೆ. ಅದೇ ಕೂಟದಲ್ಲಿ ಮಹಿಳೆಯರ ಅತಿ ಭಾರದ ವಿಭಾಗದ ಬೆಳ್ಳಿಯನ್ನು ನೌರುವಿನ ಚರಿಸ್ಮಾ ಅಮೋ-ಟರಂಟ್ ಗೆದ್ದರು. ಆಮೇಲೆ ಅವರು ಆಸ್ಟ್ರೇಲಿಯದ ಪರ ಸ್ಪರ್ಧಿಸತೊಡಗಿ, ಟೋಕಿಯೋ ಒಲಿಂಪಿಕ್ಸ್‌ಗೆ ಆ ದೇಶದ ತಂಡದಲ್ಲಿ ಹೋಗಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಅದಕ್ಕೇ ಕಂಚು ತಂದುಕೊಟ್ಟರು. 1992ರಲ್ಲಿ ಸ್ಟೀಫನ್ ದೇಶ ಬದಲಿಸಿದ್ದು ಸಮಿತಿ ಇಲ್ಲದ್ದರಿಂದ. ಈಗಿನ ವಲಸೆಗೆ ಓದು, ಉದ್ಯೋಗ, ತರಬೇತಿಗಳ ಸೆಳೆತವೇ ಸಾಕು. ಬರ್ಮಿಂಗ್‌ಹ್ಯಾಮ್‌ನಲ್ಲಿ ನೌರುವಿನ ಖಾತೆಗೆ ಬಿದ್ದದ್ದು 76 ಕಿಲೋ ವಿಭಾಗದಲ್ಲಿ ಮ್ಯಾಕ್ಸಿಮಿನಾ ಉಎಪಾ ಅವರ ಕಂಚು.

ಒಲಿಂಪಿಕ್ಸ್‌ನ ಕಡೆ ಬದಲಾವಣೆ ಇನ್ನೂ ತೀವ್ರ. 2004ರ ಅಥೆನ್ಸ್‌ನಲ್ಲಿ ಯುಕಿಯೋ ಪೀಟರ್ ಎಂಟನೆಯವರಾಗಿ ಬಂದದ್ದು ಅಲ್ಲಿ ನೌರುವಿನ ಅತ್ಯುತ್ತಮ ಸ್ಥಾನ. ಉದ್ದೀಪನ ಮದ್ದಿನ ಹಗರಣಗಳಿಂದ ವೇಟ್‌ಲಿಫ್ಟಿಂಗ್‌ಗೆ ಕೆಟ್ಟ ಹೆಸರು ಬಂದದ್ದರಿಂದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಕ್ರೀಡೆಯ ಸ್ಪರ್ಧಿಗಳ ಸಂಖ್ಯೆಯನ್ನು ಕತ್ತರಿಸುತ್ತ ಬಂದಿದೆ: 2016ರ ರಿಯೋದಲ್ಲಿ 260, ಟೋಕಿಯೋದಲ್ಲಿ 196, ಪ್ಯಾರಿಸ್‌ನಲ್ಲಿ 120. ಮದ್ದು ತೆಗೆದುಕೊಂಡವರು ಬಹುಪಾಲು ದೊಡ್ಡ ಎತ್ತುಗಾರ ದೇಶಗಳವರು. ಸಮೋವಾದ ಎಲೆ ಒಪೆಲೋಗೆ 2008ರ ಬೀಜಿಂಗ್‌ನಲ್ಲಿ ನಾಲ್ಕನೆಯವರಾಗಿ ಬರಿಗೈಯಲ್ಲಿ ಮರಳಿ, ಮೇಲಿನವರು ಅನರ್ಹರಾದ ಮೇಲೆ 2016ರಲ್ಲಿ ಬೆಳ್ಳಿಗೆ ಏರಿದ್ದು ಅದಕ್ಕೆ ಸಾಕ್ಷಿ. ಆದರೆ ಜಾಗಗಳು ಕಡಿಮೆಯಾದಾಗ ಪೆಟ್ಟು ಬಿದ್ದದ್ದು ಹತ್ತನೆಯ, ಹನ್ನೆರಡನೆಯ ಸ್ಥಾನಗಳ ಸುತ್ತ ಇರುವ ದ್ವೀಪಗಳವರಿಗೆ. ಅಟ್ಲಾಂಟಾದಿಂದ ಬೀಜಿಂಗ್‌ವರೆಗೆ ಎತ್ತುಗಾರರನ್ನು ಮಾತ್ರ ಕಳುಹಿಸುತ್ತಿದ್ದ ನೌರು 2012 ಮತ್ತು 2016ರಲ್ಲಿ ಒಬ್ಬ ಜೂಡೋ ಪಟುವನ್ನು, ಟೋಕಿಯೋಗೆ ಒಬ್ಬ ಓಟಗಾರನನ್ನು ಜೊತೆ ಮಾಡಿತು. ಪ್ಯಾರಿಸ್‌ಗೆ ಹೋದದ್ದು 100 ಮೀಟರ್ ಓಟದ ವಿಂಜಾರ್ ಕಾಕಿಯೂಎಯಾ ಒಬ್ಬರೇ. ಅರ್ಹತೆ ಪಡೆದವರಿಲ್ಲದ ದೇಶಕ್ಕೂ ಅಥ್ಲೆಟಿಕ್ಸ್‌ನಲ್ಲಿ ಒಂದು ಪ್ರವೇಶ ಕೊಡುವ ಪದ್ಧತಿ ಇರುವುದರಿಂದ ಧ್ವಜ ಹಿಡಿದು ನಡೆಯಲು ಅವಕಾಶವಾಗುತ್ತದೆ, ಆದರೆ ದೇಶ ಮೂವತ್ತು ವರ್ಷ ಕಲಿತ ಆಟ ಆ ಅವಕಾಶದೊಳಗೆ ಇಲ್ಲ.

2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ಪಟ್ಟಿಯನ್ನು ಖರ್ಚಿನ ಕಾರಣಕ್ಕೆ ಹತ್ತು ಕ್ರೀಡೆಗಳಿಗೆ ಇಳಿಸಲಾಗಿದೆ. ಹಾಕಿ, ಕುಸ್ತಿ, ಬ್ಯಾಡ್ಮಿಂಟನ್, ಶೂಟಿಂಗ್, ಟೇಬಲ್ ಟೆನಿಸ್ ಇಲ್ಲವೆಂಬ ಸುದ್ದಿ ಬಂದಾಗ, ಪದಕಗಳ ದೊಡ್ಡ ಪಾಲು ಹೋಯಿತೆಂದು ಭಾರತದಲ್ಲಿ ಅಸಮಾಧಾನ ಎದ್ದಿತು. ಉಳಿದ ಹತ್ತರಲ್ಲಿ ಅಥ್ಲೆಟಿಕ್ಸ್, ಬಾಕ್ಸಿಂಗ್, ಜೂಡೋ ಮತ್ತು ವೇಟ್‌ಲಿಫ್ಟಿಂಗ್ ಇವೆ. ನೌರುವಿಗೆ ಪದಕ ತಂದ ಒಂದೇ ಒಂದು ಕ್ರೀಡೆ ಕತ್ತರಿಗೆ ಸಿಕ್ಕಿಲ್ಲ.